ಹೊಕ್ಕುಳಿಗೆ ಹಚ್ಚಿದ ಮದ್ದು

ಆ ದಿನ ಬೆಳಿಗ್ಗೆಯೂ ಅತ್ತೆ ಎಂದಿನಂತೆ ಬಚ್ಚಲಿನ ಹಂಡೆಗೆ ಬೆಂಕಿ ಹಾಕಿ, ತೆಂಗಿನೆಣ್ಣೆಯ ಬಟ್ಟಲನ್ನು ಒಲೆಯ ಬದಿಯಲ್ಲಿ ಬೆಚ್ಚಗಾಗಲು ಇಟ್ಟು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ ಮಣೆಯ ಮೇಲೆ ಕಾಲು ಚಾಚಿ ಕುಳಿತರು. ನಾನು ಮಗುವನ್ನು ತಂದು ಅವರ ಕಾಲುಗಳ ನಡುವಿನ ತಗ್ಗಿನಲ್ಲಿ ಮಲಗಿಸಿದೆ. ಅತ್ತೆಯ ಅಂಗೈ ಮಗುವಿನ ಎದೆಯಿಂದ ಭುಜಕ್ಕೆ, ಭುಜದಿಂದ ಬೆರಳಿನ ತುದಿಗೆ ಎಣ್ಣೆ ನೀವುತ್ತ ಹೋಗುವುದನ್ನು ನೋಡುವುದು ನನಗೆ ಬಹಳ ಇಷ್ಟ. ನೆತ್ತಿಗೆ ಬಿಸಿನೀರು ಬಿದ್ದರೆ ಬೇರೆ ಮಕ್ಕಳು ಮನೆ ಹಾರಿಹೋಗುವಂತೆ ಅಳುತ್ತವೆ. ನಮ್ಮವಳು ಒಮ್ಮೆ ಕಣ್ಣು ಬಿಟ್ಟಳು, ಮತ್ತೆ ಮುಚ್ಚಿದಳು.

"ನೋಡು, ಎಷ್ಟು ಪಾಪದ ಮಗು, ಹಠವೇ ಇಲ್ಲ" ಎಂದರು ಅತ್ತೆ. "ನಿನ್ನ ಗಂಡ ಇಡೀ ಬಂದ್ಯೋಡು ಪೇಟೆಗೆ ಕೇಳುವ ಹಾಗೆ ಕಿರುಚ್ತಿದ್ದ."

ಸ್ನಾನವಾದ ಮೇಲೆ ಹಳೆಯ ಮೆತ್ತಗಿನ ಪಂಚೆಯಲ್ಲಿ ಒರೆಸಿ, ಸಾಂಬ್ರಾಣಿಯ ಹೊಗೆ ತೋರಿಸಿ, ಕೊನೆಗೆ ಮದ್ದು. ಹತ್ತಿಯ ಉಂಡೆಯನ್ನು ಬಾಟ್ಲಿಯ ಕಂದು ಮದ್ದಿನಲ್ಲಿ ಚೆನ್ನಾಗಿ ಅದ್ದಿ, ಉಬ್ಬಿದ ಹೊಕ್ಕುಳಿನ ಮೇಲಿಟ್ಟು, ಮೇಲಿಂದ ಬಟ್ಟೆಯ ಪಟ್ಟಿ ಸುತ್ತಿ ಕಟ್ಟುತ್ತಿದ್ದರು. ತೊಡೆಯ ಸಂದಿಯಲ್ಲಿ, ಕುತ್ತಿಗೆಯ ಮಡಿಕೆಯಲ್ಲಿ ಬೆವರುಸಾಲೆ ಎದ್ದಲ್ಲಿಗೂ ಅದೇ ಮದ್ದು. ಹೆರಿಗೆಯ ಹೊಲಿಗೆ ಒಣಗಲಿ ಎಂದು ನನ್ನ ಬಿಸಿನೀರಿನ ಬೋಗುಣಿಗೂ ಅದನ್ನೇ ಸುರಿಯುತ್ತಿದ್ದರು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮರುದಿನ ನರ್ಸ್ ಮಗುವಿನ ಹೊಕ್ಕುಳಬಳ್ಳಿಗೆ ಅದನ್ನು ಒಂದು ಸಲ ಹಚ್ಚಿದ್ದನ್ನು ಅತ್ತೆ ನೋಡಿದ್ದರು. ಮನೆಗೆ ಬರುವ ದಾರಿಯಲ್ಲಿಯೇ ಮೆಡಿಕಲ್ ಶಾಪಿನ ಎದುರು ರಿಕ್ಷಾ ನಿಲ್ಲಿಸಿ ದೊಡ್ಡ ಬಾಟ್ಲಿಯನ್ನೇ ಕೊಂಡಿದ್ದರು. ಬಳ್ಳಿ ಬಿದ್ದು ಎಷ್ಟೋ ದಿನವಾದರೂ ಹೊಕ್ಕುಳು ಉಬ್ಬಿಕೊಂಡೇ ಇದ್ದದ್ದರಿಂದ, ಅದು ಒಣಗಿಲ್ಲ ಎಂದು ಅವರ ಲೆಕ್ಕ.

ಆ ದಿನ ನಾವು ಮಗುವಿನ ರಕ್ತದ ರಿಪೋರ್ಟ್ ತೋರಿಸಲು ಕಾಸರಗೋಡಿಗೆ ಹೋಗಬೇಕಿತ್ತು. ಅದಕ್ಕೇ ಸ್ನಾನ ಸ್ವಲ್ಪ ಬೇಗ. ಅತ್ತೆ ಬಾಟ್ಲಿಯ ಮುಚ್ಚಳ ಬಿಗಿ ಮಾಡಿ, ಅದನ್ನೂ ಒಂದು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ದಾರಿಯಲ್ಲಿ ಬಟ್ಟೆ ಬದಲಾಯಿಸುವ ಹೊತ್ತಿಗೆ ಬೇಕಾದೀತು ಎಂದರು.

ಇದು ನಡೆದು ಹತ್ತು ವರ್ಷ ದಾಟಿತು. ಬರೆಯುವ ಮೊದಲು ಅತ್ತೆಯನ್ನು ಕೇಳಿದೆ. "ಬರಿ" ಎಂದರು. "ಆದರೆ ಡಾಕ್ಟ್ರು ನನ್ನನ್ನು ಬೈಯಲಿಲ್ಲ ಅಂತಲೂ ಬರಿ."

ನನ್ನ ತಾಯಿ ನಾನು ಸಣ್ಣವಳಿದ್ದಾಗಲೇ ತೀರಿಕೊಂಡರು. ಅಪ್ಪ ನನ್ನನ್ನು ಸಿಸ್ಟರುಗಳ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬಿಟ್ಟರು. ಅಲ್ಲಿ ನಾನು ಕಲಿತದ್ದರಲ್ಲಿ ಈಗಲೂ ಉಳಿದಿರುವುದು ಉಗುರು ಕತ್ತರಿಸುವುದು, ಕರವಸ್ತ್ರ ಮಡಚುವುದು ಮತ್ತು ಸ್ವರ ಎತ್ತದೆ ಮಾತನಾಡುವುದು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎನ್ನುವ ಊರಿನಲ್ಲಿ ನನಗೆ ಬಾಣಂತನ ಮಾಡುವ ತವರು ಇರಲಿಲ್ಲ. ಏಳನೆಯ ತಿಂಗಳಲ್ಲಿ ಸಂಬಂಧಿಕರು ಆ ಮಾತು ಎತ್ತಿದಾಗ ನಾನು ತಲೆ ತಗ್ಗಿಸಿ ಕುಳಿತಿದ್ದೆ. ಅತ್ತೆಯೇ, ತವರಿಲ್ಲದಿದ್ದರೆ ಎಂತ, ನಾನು ಸತ್ತಿದ್ದೇನಾ ಎಂದು ಎಲ್ಲರ ಬಾಯಿ ಮುಚ್ಚಿಸಿದರು.

ಅತ್ತೆಯ ಕೈಯಲ್ಲಿ ಸ್ನಾನ ಮಾಡದ ಮಗು ನಮ್ಮ ಓಣಿಯಲ್ಲಿ ಕಡಿಮೆ. ಹಿಂದೂ ಮನೆ, ಬ್ಯಾರಿ ಮುಸ್ಲಿಮರ ಮನೆ ಎಂದಿಲ್ಲ, ಹೆರಿಗೆಯಾದ ಕೂಡಲೇ ಕಮಲಕ್ಕನನ್ನು ಕರೆಯಲು ಬರುತ್ತಿದ್ದರು. ಆ ಮಕ್ಕಳಿಗೆಲ್ಲ ಅವರು ಹೊಕ್ಕುಳಿಗೆ ಹಚ್ಚಿದ್ದು ಅರಸಿನ ಹಾಕಿ ಕಾಯಿಸಿದ ತೆಂಗಿನೆಣ್ಣೆ. ನನ್ನ ಮಗುವಿಗೆ ಮಾತ್ರ ಬಾಟ್ಲಿಯ ಮದ್ದು ಯಾಕೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ನನಗೆ ಅದು ಸರಿಯಾಗಿಯೇ ಕಂಡಿತ್ತು.

ಮಗು ಎಲ್ಲರಂತಿಲ್ಲ ಎಂದು ನನಗೆ ಒಳಗೊಳಗೇ ಅನಿಸುತ್ತಿತ್ತು. ಹುಟ್ಟಿದಾಗಿನ ಹಳದಿ ಪೂರ್ತಿ ಹೋಗಿರಲಿಲ್ಲ. ಹಾಲು ಕುಡಿಯುತ್ತಲೇ ನಿದ್ದೆ ಹೋಗುತ್ತಿದ್ದಳು, ಕೆನ್ನೆ ತಟ್ಟಿದರೆ ಎರಡು ಗುಟುಕು, ಮತ್ತೆ ನಿದ್ದೆ. ಕಕ್ಕ ಮಾಡುವುದು ಅಪರೂಪ. ಕೈಕಾಲು ಯಾವಾಗಲೂ ತಣ್ಣಗೆ, ಬಟ್ಟೆ ಬಿಚ್ಚಿದರೆ ಮೈಮೇಲೆ ನೀಲಿಯ ಜಾಲರಿ. ನಾಲಿಗೆಯ ತುದಿ ತುಟಿಯ ಹೊರಗೇ. ಗಂಡ ಶಾರ್ಜಾದಿಂದ ಫೋನ್ ಮಾಡಿದಾಗಲೆಲ್ಲ, ಅವಳು ಅಳುವುದನ್ನೊಮ್ಮೆ ಕೇಳಿಸು ಎಂದು ಬೇಡುತ್ತಿದ್ದರು. ನಾನು ಅಂಗಾಲಿಗೆ ಮೆಲ್ಲಗೆ ಬೆರಳು ತಟ್ಟುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಮುದುಕರು ಗಂಟಲು ಸರಿಮಾಡಿಕೊಂಡಂತಹ ಒಂದು ಒರಟು ಸ್ವರ. "ಶೀತ ಆಗಿದೆಯಾ?" ಎನ್ನುತ್ತಿದ್ದರು ಅವರು. ಹೌದು, ಸ್ವಲ್ಪ ಎನ್ನುತ್ತಿದ್ದೆ ನಾನು.

ನೋಡಲು ಬಂದವರೆಲ್ಲ ಹೊಗಳಿದರು. ಎಷ್ಟು ಪಾಪ, ರಾತ್ರಿ ನಿದ್ದೆ ಕೊಡ್ತಾಳೆ, ಪುಣ್ಯ ಮಾಡಿದ್ದಿ. ಆ ಹೊಗಳಿಕೆಯನ್ನು ಮುರಿದು, ಇಲ್ಲ, ನನ್ನ ಮಗುವಿಗೆ ಏನೋ ಆಗಿದೆ ಎನ್ನಲು ನನಗೆ ನಾಚಿಕೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದರಲ್ಲಿಯೇ ಕೊರತೆಯೆಂದು ನಾನೇ ಬಾಯಿಬಿಟ್ಟು ಹೇಳಿದಂತಾಗುತ್ತದಲ್ಲ. ಒಂದೂವರೆ ತಿಂಗಳಿನ ಚುಚ್ಚುಮದ್ದಿಗೆ ಹೋದಾಗ ಸೂಜಿ ಚುಚ್ಚಿದರೂ ಅವಳು ಸರಿಯಾಗಿ ಅಳಲಿಲ್ಲ. ಅದನ್ನು ಹೊಗಳದ ಮೊದಲಿಗರು ಅಲ್ಲಿಯ ನರ್ಸ್. ಮಗುವಿನ ಬಾಯಿಯನ್ನೂ ಹೊಟ್ಟೆಯನ್ನೂ ನೋಡಿ, ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ ಎಂದರು. ಹಾಗೆ ಕಾಸರಗೋಡಿಗೆ ಹೋಗಿ, ನೂಕುನುಗ್ಗಲಿನಲ್ಲಿ ಡಾಕ್ಟರಿಗೆ ಮುಖವಷ್ಟೇ ತೋರಿಸಿ, ರಕ್ತ ಕೊಟ್ಟು ಬಂದಿದ್ದೆವು. ಈಗ ಎರಡನೆಯ ಸಲ ಹೋಗುತ್ತಿದ್ದೆವು.

ಬಸ್ಸಿನಲ್ಲಿ ಅತ್ತೆಯೇ ಮಗುವನ್ನು ಹಿಡಿದುಕೊಂಡರು. ನನ್ನ ಹೊಲಿಗೆ ಇನ್ನೂ ನೋಯುತ್ತದೆ ಎಂದು ಕಂಡಕ್ಟರನಿಗೆ ಕೇಳುವಂತೆಯೇ ಹೇಳಿ ನನಗೆ ಕಿಟಕಿಯ ಬದಿಯ ಸೀಟು ಮಾಡಿಸಿಕೊಟ್ಟರು. ಕುಂಬಳೆ ದಾಟುವವರೆಗೂ ನಾನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಡಾಕ್ಟರರ ಕೋಣೆಯ ಹೊರಗೆ ಎರಡು ಉದ್ದ ಬೆಂಚು, ಒಂದು ಫ್ಯಾನು. ನಾನು ಮಗುವನ್ನು ತೆಗೆದುಕೊಂಡು, ನಾಲಿಗೆ ಕಾಣದಂತೆ ಟವೆಲಿನ ತುದಿಯನ್ನು ಬಾಯಿಯವರೆಗೆ ಎಳೆದೆ. ಪಕ್ಕದಲ್ಲಿ ನನ್ನ ಪ್ರಾಯದವಳೇ ಒಬ್ಬಳು, ಮಡಿಲಲ್ಲಿ ನಾಲ್ಕೈದು ವರ್ಷದ ಹುಡುಗಿ. ಆ ಹುಡುಗಿಯ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಜೊಲ್ಲು ಒರೆಸಲು ತಾಯಿ ಭುಜದ ಮೇಲೆ ಒಂದು ಬಿಳಿ ಬಟ್ಟೆ ಹಾಕಿಕೊಂಡಿದ್ದಳು. ಅದು ನನ್ನ ಕರವಸ್ತ್ರಕ್ಕಿಂತ ಬೆಳ್ಳಗಿತ್ತು. ಅವಳು ಸರಿದು ಕುಳಿತು ನನಗೆ ಫ್ಯಾನಿನ ಗಾಳಿ ಬರುವ ಜಾಗ ಮಾಡಿಕೊಟ್ಟಳು.

"ನಿಮ್ಮದೂ ಗೇರುತೋಟದ ಬದಿಯಾ?" ಎಂದು ಕೇಳಿದಳು.

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಯ ಅರ್ಥ ಎಲ್ಲರಿಗೂ ಗೊತ್ತು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಕೀಟನಾಶಕ ಚೆಲ್ಲಿದ್ದು, ಆ ಊರುಗಳಲ್ಲಿ ಮಕ್ಕಳು ಅವಳ ಹುಡುಗಿಯ ಹಾಗೆ ಹುಟ್ಟಿದ್ದು. ಸ್ಪ್ರೇ ಎಂದರೆ ಸಾಕು, ಬೇರೆ ವಿವರಣೆ ಬೇಡ. ಅವಳು ಕೇಳಿದ್ದರಲ್ಲಿ ಕೆಡುಕೇನೂ ಇರಲಿಲ್ಲ, ಜೊತೆಗೊಬ್ಬಳು ಸಿಕ್ಕಿದಳೋ ಎಂಬ ಆಸೆ ಮಾತ್ರ ಇತ್ತು. ನಾನು ಬೆಂಕಿ ತಾಗಿದವಳಂತೆ ಅಲ್ಲ, ಅಲ್ಲವೇ ಅಲ್ಲ ಎಂದೆ. ನಮ್ಮದು ಹೈವೇ ಬದಿ, ಅಲ್ಲಿ ಸ್ಪ್ರೇ ಎಲ್ಲ ಇರಲೇ ಇಲ್ಲ, ನಮ್ಮ ಮಗುವಿಗೆ ಬರೀ ಹಳದಿ.

"ಹಾಗಾದ್ರೆ ಒಳ್ಳೇದು" ಎಂದಳು ಅವಳು. ನಾನು ಹಾಲು ಕೊಡಲು ತಿರುಗಿದಾಗ ಕೇಳದೆಯೇ ನನ್ನ ಚೀಲ ಹಿಡಿದುಕೊಂಡಳು. ಅವಳ ಮಗುವಿನ ಹೆಸರನ್ನಾದರೂ ನಾನು ಕೇಳಬಹುದಿತ್ತು.

ಒಳಗೆ ಡಾಕ್ಟ್ರಮ್ಮ ರಿಪೋರ್ಟನ್ನು ಎರಡು ಸಲ ನೋಡಿದರು. ಥೈರಾಯ್ಡ್ ಕೆಲಸ ಮಾಡುವುದು ಬಹಳ ಕಡಿಮೆಯಾಗಿದೆ ಎಂದರು. ಆ ಶಬ್ದ ನನಗೆ ದಪ್ಪಗಾದ ನಡುವಯಸ್ಸಿನ ಹೆಂಗಸರದ್ದು, ಇಷ್ಟು ಸಣ್ಣ ಮಗುವಿಗೂ ಬರುತ್ತದೆಂದು ಗೊತ್ತಿರಲಿಲ್ಲ. ಇದರಿಂದ ಎಂತ ಆಗುತ್ತದೆ ಎಂದು ಕೇಳಿದೆ. ಅವರು ಮುಚ್ಚಿಡಲಿಲ್ಲ. ಹೀಗೆಯೇ ಬಿಟ್ಟರೆ ಮೈ ಬೆಳೆಯುವುದಿಲ್ಲ, ಬುದ್ಧಿಯೂ ಬೆಳೆಯುವುದಿಲ್ಲ. ಈಗಲೇ ಮದ್ದು ಶುರು ಮಾಡಿದರೆ ಬಹಳ ಮಟ್ಟಿಗೆ ಸರಿಹೋಗುತ್ತದೆ. ಇನ್ನೂ ಮೊದಲೇ ಬಂದಿದ್ದರೆ ಚೆನ್ನಾಗಿತ್ತು, ಆದರೆ ತೀರಾ ತಡವಾಗಿಲ್ಲ.

ಅತ್ತೆ ಮಗುವಿನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಡಾಕ್ಟ್ರಮ್ಮ ನನಗೆ ಥೈರಾಯ್ಡ್ ಉಂಟೋ, ನಾನು ಯಾವ ಮಾತ್ರೆ ತಿಂದೆ, ತವರು ಎಲ್ಲಿ, ಮನೆಯ ಹತ್ತಿರ ತೋಟ ಉಂಟೋ ಎಂದೆಲ್ಲ ಕೇಳಿದರು. ಎಲ್ಲಿಯೋ ಒಂದು ಕಡೆ ಅವರ ಬೆರಳು ನನ್ನ ಮೇಲೆಯೇ ಬಂದು ನಿಲ್ಲುತ್ತದೆ ಎಂದು ಗೊತ್ತಿದ್ದವಳಂತೆ ಕುಳಿತಿದ್ದೆ. ಮಗುವನ್ನು ಮಂಚದ ಮೇಲೆ ಮಲಗಿಸಿ ಬಟ್ಟೆ ಬಿಚ್ಚಿದಾಗ ಹೊಟ್ಟೆಯ ಪಟ್ಟಿ, ಅದರೊಳಗಿನ ಹತ್ತಿ, ಸುತ್ತಲಿನ ಕಂದು ಬಣ್ಣ, ತೊಡೆಯ ಸಂದಿಯ ಕಂದು ಬಣ್ಣ ಎಲ್ಲ ಕಂಡಿತು. ಇದು ಎಂತ ಎಂದು ಕೇಳಿದರು.

ಅತ್ತೆ ಚೀಲದಿಂದ ಬಾಟ್ಲಿ ತೆಗೆದು ಮೇಜಿನ ಮೇಲೆ ಇಟ್ಟರು. ಅವರ ಮುಖದಲ್ಲಿ ಆಗ ಇದ್ದದ್ದು ಹೆಮ್ಮೆ.

"ಇಂಗ್ಲಿಷ್ ಮದ್ದೇ ಡಾಕ್ಟ್ರೇ. ದಿನಾ ಹಾಕ್ತೇನೆ, ಒಂದು ದಿನವೂ ತಪ್ಪಿಸಲಿಲ್ಲ. ನಮ್ಮ ಹಳೇ ಕ್ರಮದ ಎಣ್ಣೆ ಅರಸಿನ ಎಲ್ಲ ಮುಟ್ಟಿಸ್ಲಿಲ್ಲ. ಸೊಸೆ ಕಾನ್ವೆಂಟಿನಲ್ಲಿ ಕಲಿತವಳು, ಅವಳಿಗೆ ಹೇಸಿಗೆ ಆಗಬಾರದು ಅಂತ."

ನನಗೆ ಹೇಸಿಗೆಯಾಗಬಾರದೆಂದು! ನಾನು ಯಾವತ್ತೂ ಹಾಗೆ ಅಂದವಳಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಪಕ್ಕದ ಯಾವುದೋ ಮಗುವಿನ ಹೊಕ್ಕುಳಿನ ಮೇಲೆ ಅಂಟಿದ್ದ ಅರಸಿನದ ಹಕ್ಕಳೆ ನೋಡಿ ಮುಖ ಬೇರೆ ಕಡೆ ತಿರುಗಿಸಿದ್ದಿರಬಹುದು. ಅಷ್ಟನ್ನು ಕಂಡು, ಇಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡು, ತನ್ನ ಕೈಗೆ ಗೊತ್ತಿದ್ದದ್ದನ್ನು ಬಿಟ್ಟು, ಗೊತ್ತಿಲ್ಲದ್ದನ್ನು ನನಗೋಸ್ಕರ ಮಾಡಿದ್ದರು. ಓಣಿಯವರೆಲ್ಲ ಕರೆಯುವ ಕಮಲಕ್ಕ ನನಗೆ ಹೆದರುತ್ತಿದ್ದರು ಎಂದು ನನಗೆ ತಿಳಿದದ್ದು ಆಗ.

ಡಾಕ್ಟ್ರಮ್ಮ ಬಾಟ್ಲಿಯನ್ನು ಕೈಯಲ್ಲಿ ಹಿಡಿದು ಲೇಬಲ್ ಓದಿದರು. ಆಮೇಲೆ ಮೆಲ್ಲಗೆ ಹೇಳಿದರು. ಇದರಲ್ಲಿ ಅಯೋಡಿನ್ ಉಂಟು. ದೊಡ್ಡವರ ಗಾಯಕ್ಕೆ ಒಳ್ಳೆಯ ಮದ್ದೇ. ಇಷ್ಟು ಎಳೆಯ ಮಗುವಿಗೆ ದಿನಾ ಹಚ್ಚಿದರೆ ಚರ್ಮದಿಂದ ಒಳಗೆ ಹೋಗಿ ಥೈರಾಯ್ಡನ್ನು ಮಲಗಿಸಿಬಿಡುತ್ತದೆ.

"ಇದರಿಂದಲೇ ಅಂತ ನಾನು ಆಣೆ ಹಾಕಿ ಹೇಳುವುದಿಲ್ಲ ಅಮ್ಮ" ಎಂದರು ಅತ್ತೆಯ ಕಡೆ ತಿರುಗಿ. "ಹುಟ್ಟುವಾಗಲೇ ಇದ್ದಿರಲಿಕ್ಕೂ ಸಾಕು. ಆದರೆ ಇದನ್ನು ಇವತ್ತಿನಿಂದ ಬಿಡಬೇಕು. ಹೊಕ್ಕುಳಿಗೆ ಎಂತದ್ದೂ ಬೇಡ, ಅದು ಅದರಷ್ಟಕ್ಕೆ ಒಳಗೆ ಹೋಗ್ತದೆ."

ಆ ಕ್ಷಣದಲ್ಲಿ ನನಗೆ ಆದದ್ದು ದುಃಖವಲ್ಲ. ಹಗುರವಾಯಿತು. ತಪ್ಪು ನನ್ನ ರಕ್ತದ್ದಲ್ಲ, ನನ್ನ ಹಾಲಿನದ್ದಲ್ಲ, ನನ್ನ ತವರಿನದ್ದಲ್ಲ, ನನ್ನದಲ್ಲ. ಉಸಿರು ತಾನಾಗಿ ಹೊರಗೆ ಬಂತು. ಪಕ್ಕಕ್ಕೆ ನೋಡಿದರೆ ಅತ್ತೆ ತಮ್ಮ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದರು. ನನ್ನ ಉಸಿರು ಅವರಿಗೆ ಕೇಳಿಸಿತೋ ಇಲ್ಲವೋ, ಇವತ್ತಿಗೂ ಕೇಳುವ ಧೈರ್ಯ ನನಗಿಲ್ಲ.

ಮಾತ್ರೆಯ ಮೊದಲ ಚೂರನ್ನು ಅಲ್ಲಿಯೇ ಕೊಟ್ಟರು. ನರ್ಸ್ ಎರಡು ಚಮಚಗಳ ನಡುವೆ ಅದನ್ನು ಹುಡಿ ಮಾಡಿ, ನಾನು ಹಿಂಡಿಕೊಟ್ಟ ಹಾಲಿನ ಕೆಲವು ಹನಿಗಳಲ್ಲಿ ಕಲಸಿ, ಆ ಹೊರಗಿದ್ದ ನಾಲಿಗೆಯ ಬದಿಗೆ ಬಿಟ್ಟರು. ಬಾಟ್ಲಿ ಮೇಜಿನ ಮೇಲೆಯೇ ಉಳಿಯಿತು.

ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇದನ್ನು ಓದುವ ತಾಯಂದಿರಲ್ಲಿ ಯಾರಾದರೂ ಅಂಥದ್ದೇ ರಿಪೋರ್ಟ್ ಹಿಡಿದು ಕುಳಿತಿದ್ದರೆ ಅವರಿಗೆ ಬೇಕಾದದ್ದು ಇದೇ. ಕೆಲವೇ ದಿನಗಳಲ್ಲಿ ಅವಳ ಕೈಕಾಲು ಬೆಚ್ಚಗಾಯಿತು, ಹಳದಿ ಇಳಿಯಿತು. ಒಂದು ಮಧ್ಯಾಹ್ನ ಹಸಿವಾಗಿ ಅವಳು ಗಂಟಲು ಹರಿಯುವಂತೆ ಅತ್ತಾಗ ನಾನು ಹಾಲು ಕೊಡುವುದನ್ನು ಬಿಟ್ಟು ಫೋನಿನ ಹತ್ತಿರ ಓಡಿದ್ದೆ. ಮೂರು ವರ್ಷದವರೆಗೆ ಪ್ರತಿದಿನ ಬೆಳಿಗ್ಗೆ ಮಾತ್ರೆ, ನಡುನಡುವೆ ರಕ್ತಪರೀಕ್ಷೆ. ಆಮೇಲೆ ಡಾಕ್ಟ್ರಮ್ಮ ಮಾತ್ರೆ ನಿಲ್ಲಿಸಿ ನೋಡಿದರು, ಮತ್ತೆ ಬೇಕಾಗಲಿಲ್ಲ. ನಡೆಯುವುದು ತಡವಾಯಿತು, ಮಾತು ತಡವಾಯಿತು. ಈಗ ಅವಳ ಮಾತು ನಿಲ್ಲಿಸುವುದೇ ಕಷ್ಟ. ಎಲ್ಲರಿಗೂ ಹೀಗೆ ಮಾತ್ರೆ ನಿಲ್ಲುವುದಿಲ್ಲವಂತೆ, ಕೆಲವರಿಗೆ ಜೀವನಪೂರ್ತಿ ಬೇಕು. ಅದನ್ನು ಹೇಳುವವರು ಡಾಕ್ಟರು, ನಾನಲ್ಲ. ತುಂಬಾ ಪಾಪದ ಮಗು ಎಂದು ಎಲ್ಲರೂ ಹೊಗಳುವಾಗ ನಿಮಗೊಬ್ಬರಿಗೆ ಒಳಗೊಳಗೇ ಏನೋ ಸರಿಯಿಲ್ಲ ಅನಿಸಿದರೆ, ನಾಚಿಕೆಪಡಬೇಡಿ, ತೋರಿಸಿ ಎಂದಷ್ಟೇ ನಾನು ಹೇಳಬಲ್ಲೆ.

ಆದರೆ ಆ ದಿನ ಇದೊಂದೂ ಗೊತ್ತಿರಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ ಮಗುವನ್ನು ಕೊಡಲು ಹೋದರೆ ಅತ್ತೆ ಕೈ ಚಾಚಲಿಲ್ಲ. ಎರಡು ಸೀಟು ಮುಂದೆ ಹೋಗಿ ಕುಳಿತರು. ಅವರ ತುರುಬು ಬಿಚ್ಚಿಕೊಂಡು ಕೂದಲು ಬೆನ್ನಿನ ಮೇಲೆ ಇಳಿದಿತ್ತು, ಅದನ್ನು ಕಟ್ಟಿಕೊಳ್ಳಲೂ ಇಲ್ಲ. ಬಂದ್ಯೋಡಿನಲ್ಲಿ ಇಳಿದು ಓಣಿಗೆ ತಿರುಗುವಾಗ ನನ್ನ ಮುಖ ನೋಡದೆ ಹೇಳಿದರು.

"ಇನ್ನು ಮಗುವಿಗೆ ನೀನೇ ಸ್ನಾನ ಮಾಡಿಸು. ನನ್ನ ಕೈ ಬೇಡ."

ಬೇಡ ಅತ್ತೆ, ಹಾಗೆ ಹೇಳಬೇಡಿ ಎನ್ನಬೇಕಿತ್ತು. ಅಷ್ಟೇ ಮಾತು ಸಾಕಿತ್ತು. ಅವರ ಸೆರಗಿನಿಂದ ಹೊರಗಿಣುಕಿದ ಬೆರಳುಗಳ ಕಂದು ಬಣ್ಣ ನನ್ನ ಕಣ್ಣಿಗೆ ಬಿತ್ತು.

"ಆಯ್ತು" ಎಂದೆ.

ಮನೆಗೆ ಬಂದ ಮೇಲೆ ಅವರು ಬಾವಿಕಟ್ಟೆಯ ಹತ್ತಿರ ಕುಳಿತು ತೆಂಗಿನ ನಾರು, ಸಾಬೂನು ಹಾಕಿ ಉಗುರಿನ ಸಂದಿ ಉಜ್ಜುತ್ತಿದ್ದ ಸದ್ದು ಒಳಗೆ ಕೇಳುತ್ತಿತ್ತು. ಊಟ ಬೇಡವೆಂದರು. ನಾನು ಒತ್ತಾಯ ಮಾಡಲಿಲ್ಲ. ಸಂಜೆಯಾಗುತ್ತಲೇ ಶಾರ್ಜಾದಿಂದ ಫೋನ್ ಬಂತು. ಥೈರಾಯ್ಡ್, ಮಾತ್ರೆ ಶುರುವಾಗಿದೆ ಎಂದೆ. ಯಾಕೆ ಬಂತಂತೆ ಎಂದು ಗಂಡ ಕೇಳಿದರು. ಡಾಕ್ಟರಿಗೂ ಸರಿ ಗೊತ್ತಿಲ್ಲವಂತೆ ಎಂದೆ. ಅದು ಸ್ಪ್ರೇಯದ್ದೇ ಇರಬೇಕು, ಗಾಳಿಯಲ್ಲಿ ಎಲ್ಲಿಂದ ಎಲ್ಲಿಗೂ ಬರುತ್ತದೆ ಎಂದರು ಅವರು. ಇರಬಹುದು ಎಂದೆ. ಬೆಳಿಗ್ಗೆ ಬೆಂಚಿನ ಮೇಲೆ ನನಗೆ ಬೇಡವಾಗಿದ್ದದ್ದು ಸಂಜೆಗೆ ಬಹಳ ಅನುಕೂಲವಾಗಿ ಕಂಡಿತು. ಅತ್ತೆಯನ್ನು ಕಾಪಾಡಲು ಹಾಗೆ ಹೇಳಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಕಾಪಾಡಿದ್ದು ಯಾರನ್ನು ಎಂದು ಈಗ ಅನುಮಾನ. ಸೊಸೆಗೆ ಹೇಸಿಗೆ ಆಗಬಾರದು ಅಂತ ಎಂಬ ಮಾತು ಗಂಡನ ಕಿವಿಗೆ ಹೋಗುವುದು ನನಗೆ ಬೇಕಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಬಂದೆ. ಪಕ್ಕದ ಮನೆಯ ನಫೀಸಕ್ಕ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದರು. ನಮ್ಮಿಬ್ಬರ ಅಂಗಳದ ನಡುವಿನ ಕಲ್ಲಿನ ಕಟ್ಟೆ ಸೊಂಟದಷ್ಟೇ ಎತ್ತರ. ಅವರ ಮಗಳು ಹೆರಿಗೆಗೆ ಬಂದಿದ್ದಳು, ದಿನ ತುಂಬಿತ್ತು. ಡಾಕ್ಟ್ರು ಎಂತ ಹೇಳಿದ್ರು ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಟ್ಟೆ ಮಡಚುತ್ತಲೇ ಮುಂದುವರಿಸಿದರು.

"ಶಾಲಿನೀ, ಕಮಲಕ್ಕ ಹಾಕುವ ಆ ಕಂದು ಮದ್ದಿನ ಹೆಸರೆಂತ? ಅಳಿಯನ ಹತ್ರ ಹೇಳಿ ಒಂದು ದೊಡ್ಡದೇ ತರಿಸಿಡುವ ಅಂತ. ನಿಮ್ಮ ಮಗು ಎಷ್ಟು ನೀಟಾಗಿ ಉಂಟು."

ಹೆಸರು ಹೇಳುವಂತಿಲ್ಲ, ಹುಟ್ಟಲಿರುವ ಮಗುವಿನ ವಿಷಯ. ಯಾಕೆಂದು ಹೇಳಿದರೆ ನಾಳೆ ಓಣಿಗೆಲ್ಲ ಗೊತ್ತು, ಅತ್ತೆಯನ್ನು ಇನ್ನು ಯಾರೂ ಕರೆಯಲಾರರು. ಅದು ಈಗ ಅಂಗಡಿಯಲ್ಲಿ ಸಿಗುವುದಿಲ್ಲವೇನೋ ಎಂದೆ. ಎಷ್ಟು ಬಡಕಲು ಸುಳ್ಳು! ನಫೀಸಕ್ಕನ ಅಳಿಯ ನಾಳೆ ಮೆಡಿಕಲ್ ಶಾಪಿಗೆ ಹೋದರೆ ಎದುರಿನ ಗಾಜಿನಲ್ಲಿಯೇ ಕಾಣುತ್ತಿತ್ತು.

ಹಿಂದಿನಿಂದ ಅತ್ತೆಯ ಸ್ವರ ಬಂತು. ಯಾವಾಗ ಬಂದು ನಿಂತಿದ್ದರೋ.

"ಸಿಗ್ತದೆ ನಫೀಸಾ. ಆದರೆ ತರಿಸಬೇಡ. ಅದನ್ನು ಹಾಕಿಯೇ ನಮ್ಮ ಮಗುವಿಗೆ ಹೀಗಾದದ್ದು. ಒಳಗಿಂದ ಥೈರಾಯ್ಡ್ ನಿಂತಿದೆ, ಬುದ್ಧಿಗೆ ಹೆಚ್ಚುಕಮ್ಮಿ ಆಗ್ತಿತ್ತಂತೆ." ಒಮ್ಮೆ ನಿಲ್ಲಿಸಿ, ಕೈಯನ್ನು ಮರೆಮಾಡದೆ ಕಟ್ಟೆಯ ಮೇಲೆ ಇಟ್ಟರು. ಉಜ್ಜಿ ಉಜ್ಜಿ ಬೆರಳುಗಳ ಬದಿ ಕೆಂಪಗಾಗಿತ್ತು. "ಹಾಕಿದ್ದು ನಾನು. ಇವಳು ಒಂದು ದಿನವೂ ಮುಟ್ಟಿದವಳಲ್ಲ. ಇವಳನ್ನು ಯಾರೂ ಎಂತದ್ದೂ ಹೇಳಬೇಡಿ."

ನಾನು ಮಗುವಿನ ತಲೆಯ ಮೇಲೆ ಗಲ್ಲ ಊರಿ ನೆಲ ನೋಡುತ್ತ ನಿಂತೆ.

ನಫೀಸಕ್ಕ ಒಂದು ಕ್ಷಣ ಅತ್ತೆಯನ್ನು ನೋಡಿದರು, ಮಗುವನ್ನು ನೋಡಿದರು. ಮಡಚಿದ ಬಟ್ಟೆಗಳನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡರು. ಅವರ ಕೋಳಿಗಳು ಗೂಡಿನ ಹೊರಗೇ ಅಡ್ಡಾಡುತ್ತಿದ್ದವು, ಅವುಗಳನ್ನು ಅಟ್ಟಲು ಆಗಲೇ ಅರ್ಧ ತಿರುಗಿದ್ದರು.

"ಹಾಗಾದ್ರೆ ಬಾಟ್ಲಿ ಬೇಡ, ಬಿಡಿ" ಎಂದರು. "ನೀವು ಮಾತ್ರ ಮೊದಲ ದಿನದಿಂದಲೇ ಬರ್ಬೇಕು ಕಮಲಕ್ಕ, ನಮ್ಮವಳಿಗೆ ಮಗುವಿನ ಕುತ್ತಿಗೆ ಹಿಡಿಯಲಿಕ್ಕೇ ಬರುವುದಿಲ್ಲ."